ಬೈಗುಳದ ಪಾಲು

"ಕತ್ತು ನೆಟ್ಟಗೆ ಇಟ್ಕೊ ಮಗಾ. ನೋವಾಗ್ತದಾ?" ಎಂದು ಅಮ್ಮ ಕೇಳಿದಳು.

ಕೇಳಿದ್ದು ದೀಕ್ಷಿತಾಳನ್ನಲ್ಲ. ಅಮ್ಮನ ಮುಂದೆ ಮಣೆಯ ಮೇಲೆ ಕುಳಿತಿದ್ದವಳು ಮಾನ್ಯ. ಅಮ್ಮ ಬೆಚ್ಚಗಿನ ತೆಂಗಿನೆಣ್ಣೆಯನ್ನು ಅವಳ ನೆತ್ತಿಗೆ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ಸವರುತ್ತಿದ್ದಳು. ಹೂವಿಗೆ ನೀರು ಚಿಮುಕಿಸಿದ ಹಾಗೆ.

"ಇಲ್ಲ ಚಿಕ್ಕಮ್ಮ. ನೋವಾಗುದಿಲ್ಲ" ಎಂದಳು ಮಾನ್ಯ.

ದೀಕ್ಷಿತಾ ಗೋಡೆಗೆ ಒರಗಿ ತನ್ನ ಸರದಿಗೆ ಕಾಯುತ್ತಿದ್ದಳು. ಶುಕ್ರವಾರ ರಜೆ. ದುಬೈಯ ಕರಾಮದ ಆ ಸಣ್ಣ ಫ್ಲ್ಯಾಟಿನಲ್ಲಿ ಶುಕ್ರವಾರ ಬೆಳಿಗ್ಗೆ ಎಣ್ಣೆಸ್ನಾನ ಎನ್ನುವುದು ಅವಳು ಹುಟ್ಟಿದಾಗಿನಿಂದ ನಡೆದು ಬಂದ ಕ್ರಮ. ಇಷ್ಟು ವರ್ಷ ಆ ಮಣೆ ಅವಳೊಬ್ಬಳದಾಗಿತ್ತು. ಈಗ ಮೊದಲ ಸರದಿ ಮಾನ್ಯಳದು. "ಅವಳು ನಿನಗಿಂತ ದೊಡ್ಡವಳಲ್ವಾ?" ಎಂದಿದ್ದಳು ಅಮ್ಮ. ದೊಡ್ಡವಳಂತೆ. ಮೂರೇ ತಿಂಗಳಿಗೆ ದೊಡ್ಡವಳು.

ಮಾನ್ಯ ಎದ್ದಳು. ದೀಕ್ಷಿತಾ ಕುಳಿತಳು. ಅಮ್ಮ ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ದಪ್ ದಪ್ ಎಂದು ತಟ್ಟಿದಳು.

"ಅಮ್ಮಾ, ನೋವಾಗ್ತದೆ."

"ಆಗ್ಲಿ. ಸುಮ್ನೆ ಕೂತ್ಕೊ. ತಲೆ ನೋಡು, ಕಾಗೆ ಗೂಡು. ನಿನ್ನೆ ಬಾಚಿದ್ದೀಯಾ ನೀನು?"

ಮಾನ್ಯ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ನೋಡಲಿ, ನಗಲಿ, ಎಂದುಕೊಂಡಳು ದೀಕ್ಷಿತಾ. ಆದರೆ ಮಾನ್ಯ ನಗುತ್ತಿರಲಿಲ್ಲ.

ಮಾನ್ಯಳ ಅಮ್ಮ, ಎಂದರೆ ದೀಕ್ಷಿತಾಳ ದೊಡ್ಡಮ್ಮ, ಈ ವರ್ಷ ಮಳೆಗಾಲಕ್ಕೆ ಮೊದಲು ಊರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಮಾನ್ಯಳ ಅಪ್ಪ ರಂಜಿತ್ ಅಬುಧಾಬಿಯಲ್ಲಿ ಕೆಲಸ ಮಾಡುತ್ತಾರೆ. ಅವರದು ಬ್ಯಾಚುಲರ್ ರೂಮು. ಒಂದೇ ಕೋಣೆಯಲ್ಲಿ ಹಲವರು ಗಂಡಸರು. ಅಲ್ಲಿ ಮಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಮಾನ್ಯ ಉಡುಪಿಯ ಕನ್ನಡ ಶಾಲೆ ಬಿಟ್ಟು ದುಬೈಗೆ ಬಂದಳು, ದೀಕ್ಷಿತಾಳ ಮನೆಗೆ. ದೀಕ್ಷಿತಾಳ ಮಂಚಕ್ಕೆ, ದೀಕ್ಷಿತಾಳ ಕಪಾಟಿಗೆ, ದೀಕ್ಷಿತಾಳ ಕ್ಲಾಸಿಗೆ.

"ಅವಳ ಹತ್ರ ಜಗಳ ಮಾಡ್ಬೇಡ. ಪಾಪ, ಅಮ್ಮ ಇಲ್ಲದ ಮಗು" ಎಂದು ಅಮ್ಮ ಮೊದಲ ದಿನವೇ ಹೇಳಿದ್ದಳು. ದೀಕ್ಷಿತಾ ಜಗಳ ಮಾಡಲಿಲ್ಲ. ಬೇಕಾದಷ್ಟೇ ಮಾತಾಡಿದಳು. ಉಳಿದದ್ದೆಲ್ಲ ಹೊಟ್ಟೆಯೊಳಗೇ ಇಟ್ಟುಕೊಂಡಳು.

ಸ್ನಾನ ಮುಗಿಸಿ ತಿಂಡಿಗೆ ಕೂರುವಾಗ ಇನ್ನೊಂದು ಸಂಗತಿ ನಡೆಯಿತು. ಮಾನ್ಯ ಉಪ್ಪಿನಕಾಯಿ ಬಾಟ್ಲಿ ತೆಗೆಯಲು ಹೋದಳು. ಅಜ್ಜಿ ಊರಿನಿಂದ ಕಳಿಸಿದ್ದ ಮಾವಿನಮಿಡಿ. ಕೈ ಜಾರಿತು. ನೆಲದ ತುಂಬ ಗಾಜು, ಮಿಡಿ, ಕೆಂಪು ರಸ.

ಅಮ್ಮ ಓಡಿ ಬಂದಳು. "ಕಾಲು, ಕಾಲು ಹುಷಾರು ಮಾನ್ಯ. ಪರವಾಗಿಲ್ಲ ಮಗಾ. ಬಾಟ್ಲಿ ಅಲ್ವಾ, ಹೋಗ್ಲಿ."

"ಸಾರಿ ಚಿಕ್ಕಮ್ಮ. ನಾನೇ ಗುಡಿಸ್ತೇನೆ."

"ಬೇಡ ಬೇಡ. ನೀನು ಹೋಗಿ ಕೂತ್ಕೊ." ಆಮೇಲೆ ಅಮ್ಮನ ಕಣ್ಣು ದೀಕ್ಷಿತಾಳ ಮೇಲೆ ಬಿತ್ತು. "ನೀನೆಂತ ಕಂಬದ ಹಾಗೆ ನಿಂತದ್ದು? ಹಿಡಿಸೂಡಿ ತರ್ಲಿಕ್ಕೆ ಆಗುದಿಲ್ವಾ? ಬಾಟ್ಲಿ ಅಷ್ಟು ತುದಿಯಲ್ಲಿ ಇಟ್ಟದ್ದು ಯಾರು? ನೀನೇ. ನೂರು ಸಲ ಹೇಳಿದ್ದೇನೆ, ಒಳಗೆ ತಳ್ಳಿ ಇಡು ಅಂತ."

ಒಡೆದದ್ದು ಅವಳು. ಬೈಗುಳ ನನಗೆ. ದೀಕ್ಷಿತಾ ತುಟಿ ಕಚ್ಚಿಕೊಂಡು ಹಿಡಿಸೂಡಿ ತಂದಳು. ಅಳು ಬರುತ್ತಿತ್ತು. ಆದರೆ ಅವಳಿಗೆ ಒಂದು ಸಮಾಧಾನವಿತ್ತು. ನಿನ್ನೆ ಅಮ್ಮ ಫೋನಿನಲ್ಲಿ ರಂಜಿತ್ ದೊಡ್ಡಪ್ಪನ ಹತ್ತಿರ ಮಾತಾಡುವುದನ್ನು ಅವಳು ಕೇಳಿಸಿಕೊಂಡಿದ್ದಳು. ದೊಡ್ಡಪ್ಪ ಇವತ್ತು ಸಂಜೆ ಬರುತ್ತಾರೆ. ಊರಲ್ಲಿ ಚರ್ಚಿನ ಸಿಸ್ಟರ್‌ಗಳು ನಡೆಸುವ ಒಂದು ಹಾಸ್ಟೆಲಿನಲ್ಲಿ ಸೀಟು ಉಂಟಂತೆ. ಮಾನ್ಯ ಹೂಂ ಎಂದರೆ ಕ್ರಿಸ್ಮಸ್ ರಜೆಯಲ್ಲಿ ಕಳಿಸುವುದಂತೆ.

ಹೂಂ ಅನ್ನಲಿ ದೇವರೇ, ಎಂದು ದೀಕ್ಷಿತಾ ಗಾಜಿನ ಚೂರು ಗುಡಿಸುತ್ತಾ ಬೇಡಿಕೊಂಡಳು.

ಅಮ್ಮನ ಹೆಸರು ಅಮಿತಾ. ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ. ಮಂಡಿನೋವು, ಸೊಂಟನೋವು ಇದ್ದವರಿಗೆ ವ್ಯಾಯಾಮ ಮಾಡಿಸುವ ಕೆಲಸ. ಶುಕ್ರವಾರ ಮಧ್ಯಾಹ್ನ ಮರೀನಾ ಬಡಾವಣೆಯಲ್ಲಿ ಒಬ್ಬ ವೃದ್ಧೆಯ ಮನೆಗೆ ಹೋಗುತ್ತಾಳೆ. ಪಪ್ಪನಿಗೆ ಅಂದು ಡ್ಯೂಟಿ ಇದ್ದುದರಿಂದ ಇಬ್ಬರು ಹುಡುಗಿಯರೂ ಜೊತೆಗೆ ಹೊರಟರು.

"ಅವರ ಹೆಸರು ರೋಸಿ. ರೋಸಿ ಅಜ್ಜಿ ಅಂತ ಕರೀರಿ. ಅಲ್ಲಿ ಗಲಾಟೆ ಮಾಡ್ಬೇಡಿ" ಎಂದಳು ಅಮ್ಮ ಮೆಟ್ರೊದಲ್ಲಿ. ಕಿಟಕಿಯ ಪಕ್ಕದ ಸೀಟು ಮಾನ್ಯಳಿಗೆ ಸಿಕ್ಕಿತು. ಅಮ್ಮನೇ ಅಲ್ಲಿ ಕೂರಿಸಿದಳು.

ರೋಸಿ ಎಂದ ಮೇಲೆ ಮಂಗಳೂರಿನವರೇ ಎಂದು ದೀಕ್ಷಿತಾ ಎಣಿಸಿದ್ದಳು. ತಮ್ಮ ಬಿಲ್ಡಿಂಗಿನ ಪಾಯ್ಸ್ ಅಂಕಲ್ ಮನೆಯ ಹಾಗೆ ಗೋಡೆಯಲ್ಲಿ ಯೇಸುವಿನ ಪಟ ಇರುತ್ತದೆ, ತಟ್ಟೆಯಲ್ಲಿ ಕರಿದ ಸಿಹಿ ಕುಲ್ಕುಲ್ ಸಿಗುತ್ತದೆ ಎಂದುಕೊಂಡಿದ್ದಳು. ಬಾಗಿಲು ತೆರೆದಾಗ ನೋಡಿದರೆ ಬೆಳ್ಳಗಿನ, ಕುಳ್ಳಗಿನ, ನೀಲಿ ಕಣ್ಣಿನ ಮುದುಕಿ. ಕೋಲು ಹಿಡಿದು ನಿಂತಿದ್ದರು. ಗೋಡೆಯಲ್ಲಿ ಯಾವ ಪಟವೂ ಇರಲಿಲ್ಲ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಿತ್ತಾಳೆಯ ಎರಡು ಮೋಂಬತ್ತಿ ಕಂಬ ಇಟ್ಟಿದ್ದರು.

ಅಮ್ಮ ಅಜ್ಜಿಯನ್ನು ಸೋಫಾದ ಮೇಲೆ ಕೂರಿಸಿ, ಮಂಡಿಗೆ ಬಿಸಿ ಪ್ಯಾಕು ಕಟ್ಟಿದಳು. "ಇದು ತಣಿಯುವವರೆಗೆ ಅಲ್ಲಾಡಬೇಡಿ" ಎಂದು ಹೇಳಿ, ಅಜ್ಜಿಯ ಮಗಳೊಂದಿಗೆ ಔಷಧಿಯ ವಿಷಯ ಮಾತಾಡಲು ಒಳಕೋಣೆಗೆ ಹೋದಳು.

ಅಜ್ಜಿ ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದರು. ದೀಕ್ಷಿತಾ ಎರಡು ತೆಗೆದುಕೊಂಡಳು. ಮಾನ್ಯ ತೆಗೆದುಕೊಳ್ಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೈಕಟ್ಟಿ ಕುಳಿತು "ನೋ ಥ್ಯಾಂಕ್ಸ್" ಎಂದಳು.

"ನೀವಿಬ್ಬರು ಅಕ್ಕತಂಗಿಯರೋ?" ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರು.

"ನೋ" ಎಂದಳು ದೀಕ್ಷಿತಾ ತಕ್ಷಣ. "ಕಸಿನ್. ನಮ್ಮ ಮನೆಯಲ್ಲಿ ಇದ್ದಾಳೆ. ಟೆಂಪರರಿ."

ಅಜ್ಜಿ ಮಾನ್ಯಳನ್ನೇ ನೋಡುತ್ತಾ ಕುಳಿತರು. ಅವಳ ಕೈ, ಅವಳ ಕಾಲು, ಅವಳು ಕುರ್ಚಿಯಲ್ಲಿ ಕುಳಿತ ರೀತಿ.

"ನಿನ್ನಷ್ಟಿದ್ದಾಗ ನಾನೂ ಟೆಂಪರರಿ ಆಗಿದ್ದೆ" ಎಂದರು. "ನಾನೂ ಹೀಗೇ ತುದಿಯಲ್ಲಿ ಕೂರುತ್ತಿದ್ದೆ."

ಮಾನ್ಯ ಅರ್ಥವಾಗದವಳ ಹಾಗೆ ದೀಕ್ಷಿತಾಳನ್ನು ನೋಡಿದಳು.

"ಅವಳಿಗೆ ಇಂಗ್ಲಿಷ್ ಸರಿಯಾಗಿ ಬರುದಿಲ್ಲ" ಎಂದಳು ದೀಕ್ಷಿತಾ. ಹಾಗೆ ಹೇಳುವಾಗ ಅವಳಿಗೆ ಸ್ವಲ್ಪ ಖುಷಿಯಾಯಿತು.

"ಹಾಗಾದರೆ ನೀನು ಅವಳಿಗೆ ಹೇಳು. ನಾನು ಹೇಳಿದ್ದನ್ನು ನಿಮ್ಮ ಭಾಷೆಯಲ್ಲಿ ಹೇಳು."

ಅಜ್ಜಿ ಹೇಳತೊಡಗಿದರು. ಅವರು ಹುಟ್ಟಿದ್ದು ಹಾಲೆಂಡಿನಲ್ಲಿ, ಆಮ್‌ಸ್ಟರ್‌ಡ್ಯಾಮ್ ಎಂಬ ಊರಲ್ಲಿ. ಅವರ ಅಪ್ಪ ಕೊಡೆ ರಿಪೇರಿ ಮಾಡುತ್ತಿದ್ದರು. ಅಮ್ಮ ತುಂಬ ಚೆನ್ನಾಗಿ ಹಾಡುತ್ತಿದ್ದರು. ಆ ಮನೆಯವರು ಯಹೂದಿಗಳು. ಅದೊಂದು ಧರ್ಮ. ಶುಕ್ರವಾರ ಸಂಜೆ ಸೂರ್ಯ ಮುಳುಗುವ ಮೊದಲು ಅಮ್ಮ ಎರಡು ದೀಪ ಹಚ್ಚಿ, ಕೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಿದ್ದರು. ಆಮೇಲೆ ದೊಡ್ಡ ಯುದ್ಧ ಬಂತು. ಜರ್ಮನಿಯ ಸೈನ್ಯ ಊರಿಗೆ ಬಂತು. ಆಗ ಜರ್ಮನಿಯನ್ನು ಆಳುತ್ತಿದ್ದವರಿಗೆ ಯಹೂದಿಗಳನ್ನು ಕಂಡರೆ ಆಗುತ್ತಿರಲಿಲ್ಲ.

ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು.

"ಅವರದ್ದು ಹಾಲೆಂಡಂತೆ. ಯುದ್ಧ ಆಯ್ತಂತೆ" ಎಂದಳು ದೀಕ್ಷಿತಾ.

"ಅಷ್ಟೇಯಾ?" ಎಂದಳು ಮಾನ್ಯ. "ಅವರು ತುಂಬ ಹೊತ್ತು ಹೇಳಿದ್ರಲ್ಲ."

ಅಜ್ಜಿಗೆ ಕನ್ನಡ ಬಾರದಿದ್ದರೂ ನಡೆದದ್ದು ಗೊತ್ತಾಯಿತು. "ನೀನು ಮಾತಿನಲ್ಲಿ ಜಿಪುಣಿ ಅಂತ ಕಾಣುತ್ತದೆ. ಎಲ್ಲವನ್ನೂ ಹೇಳು" ಎಂದು ನಕ್ಕರು. ದೀಕ್ಷಿತಾಳ ಮುಖ ಕೆಂಪಾಯಿತು. ಕೊಡೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು.

"ಯಹೂದಿ ಮಕ್ಕಳು ಶಾಲೆಗೆ ಬರಬಾರದು ಎಂದರು. ಪಾರ್ಕಿಗೆ ಹೋಗಬಾರದು ಎಂದರು. ಕೋಟಿನ ಮೇಲೆ ಹಳದಿ ಬಟ್ಟೆಯ ನಕ್ಷತ್ರ ಹೊಲಿದುಕೊಳ್ಳಬೇಕು ಎಂದರು. ಯಾರು ಯಹೂದಿ ಎಂದು ದೂರದಿಂದಲೇ ಗೊತ್ತಾಗಲಿ ಎಂದು. ಆಮೇಲೆ ಮನೆಮನೆಯಿಂದ ಜನರನ್ನು ಹಿಡಿದು ರೈಲಿನಲ್ಲಿ ಕಳಿಸತೊಡಗಿದರು."

"ಅವರು ಎಂತ ತಪ್ಪು ಮಾಡಿದ್ರು?" ದೀಕ್ಷಿತಾ ಹೇಳಿ ಮುಗಿಸುವ ಮೊದಲೇ ಮಾನ್ಯ ಕೇಳಿದಳು. ದೀಕ್ಷಿತಾ ಅದನ್ನು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೂ ತಿಳಿಯಬೇಕಿತ್ತು.

"ಏನೂ ಮಾಡಿರಲಿಲ್ಲ" ಎಂದರು ಅಜ್ಜಿ. "ಕೊಡೆ ರಿಪೇರಿ ಮಾಡಿದ್ದರು ಅಷ್ಟೇ."

ಒಂದು ದಿನ ಸೈಕಲ್ಲಿನಲ್ಲಿ ಒಬ್ಬ ಕಾಲೇಜು ಹುಡುಗಿ ಬಂದಳು. ಯಹೂದಿ ಮಕ್ಕಳನ್ನು ಗುಟ್ಟಾಗಿ ಹಳ್ಳಿಗಳಿಗೆ ಸಾಗಿಸುವ ಕೆಲಸ ಅವಳದು. ಅಮ್ಮ ರೋಸಿಯ ಕೋಟಿನಿಂದ ನಕ್ಷತ್ರ ಬಿಚ್ಚಿದರು. "ಯಾರಿಗೂ ತೊಂದರೆ ಕೊಡಬೇಡ. ಕೊಟ್ಟದ್ದನ್ನು ತಿನ್ನು. ಎಲ್ಲದಕ್ಕೂ ಥ್ಯಾಂಕ್ಸ್ ಹೇಳು" ಎಂದರು. ರೋಸಿಗೆ ಆಗ ಏಳು ವರ್ಷ.

"ಸೈಕಲ್ಲಿನ ಹಿಂದೆ ಕುಳಿತೆ. ಅವಳು ಕೇಳಿದಳು, ನಿನ್ನ ಹೆಸರೇನು? ರೋಸಿ ಎಂದೆ. ಅಲ್ಲ, ನಿನ್ನ ಹೆಸರು ಎಮಿಲಿಯಾ ಎಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು. ರೋಸಿ ಎಂದೆ. ಅಲ್ಲ ಎಂದಳು. ದಾರಿಯುದ್ದಕ್ಕೂ ಅದೇ ಪಾಠ. ಸಂಜೆಯ ಹೊತ್ತಿಗೆ ನಾನು ಎಮಿಲಿಯಾ ಆಗಿದ್ದೆ."

"ಪಾಪ, ಹೆಸರು ಸಹ ಬಿಡ್ಬೇಕಾಯ್ತಾ?" ಎಂದಳು ಮಾನ್ಯ.

ಹಳ್ಳಿಯ ಒಂದು ಮನೆಯಲ್ಲಿ ರೋಸಿಯನ್ನು ಬಿಟ್ಟರು. ಆ ಮನೆಯವರು ದನ ಸಾಕಿದ್ದರು. ಅವರು ಯಹೂದಿಗಳಲ್ಲ. ಯಹೂದಿ ಮಗುವನ್ನು ಅಡಗಿಸಿದ್ದಾರೆ ಎಂದು ಗೊತ್ತಾದರೆ ಅವರಿಗೂ ಜೀವಕ್ಕೆ ಅಪಾಯ. ಹಾಗಾಗಿ ಊರಿನವರಿಗೆ ಹೇಳಿದ್ದು ಬೇರೆ. ರಾಟರ್‌ಡ್ಯಾಮ್ ಎಂಬ ಊರಲ್ಲಿ ಬಾಂಬು ಬಿದ್ದು ಅನೇಕರ ಮನೆ ಹೋಗಿತ್ತು. ಇವಳು ಅಲ್ಲಿಂದ ಬಂದ ನನ್ನ ಅಕ್ಕನ ಮಗಳು, ಎಂದು ಆ ಮನೆಯ ಅಮ್ಮ ಹೇಳಿದರು.

ಅಕ್ಕನ ಮಗಳು. ಆ ಮಾತನ್ನು ಕನ್ನಡದಲ್ಲಿ ಹೇಳುವಾಗ ದೀಕ್ಷಿತಾ ಮಾನ್ಯಳ ಮುಖ ನೋಡಲಿಲ್ಲ.

"ಆ ಮನೆಯಲ್ಲಿ ನನ್ನದೇ ವಯಸ್ಸಿನ ಹುಡುಗಿ ಇದ್ದಳು. ಗ್ರೀಟ್ ಅಂತ. ನಾನು ಬಂದ ಮೇಲೆ ಅವಳ ಹಾಸಿಗೆ ಅರ್ಧವಾಯಿತು. ಒಲೆಯ ಹತ್ತಿರದ ಬೆಚ್ಚಗಿನ ಜಾಗ ನನಗೆ ಕೊಟ್ಟರು. ಗ್ರೀಟ್‌ಗೆ ನನ್ನ ಮೇಲೆ ತುಂಬ ಜೆಲಸ್. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ."

ದೀಕ್ಷಿತಾ ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸು ಇಟ್ಟಳು.

"ಅವಳಿಗೆ ಗೊತ್ತಿರಲಿಲ್ಲ, ನನಗೂ ಅವಳ ಮೇಲೆ ಜೆಲಸ್ ಇತ್ತು ಎಂದು. ಯಾಕೆ ಹೇಳು?"

"ಅವಳಿಗೆ ಅಮ್ಮ ಇದ್ದಾರೆ ಅಂತ" ಎಂದಳು ದೀಕ್ಷಿತಾ.

"ಅದೂ ಹೌದು. ಆದರೆ ಅದಕ್ಕಿಂತ ಹೆಚ್ಚು, ಅವಳಿಗೆ ಬೈಗುಳ ಸಿಗುತ್ತದೆ ಎಂದು. ಬೆಳಗಿನಿಂದ ಸಂಜೆಯವರೆಗೆ ಆ ಅಮ್ಮ ಗ್ರೀಟ್‌ಗೆ ಬೈಯುತ್ತಿದ್ದರು. ಕಾಲುಚೀಲ ಹರಿದುಕೊಂಡೆ, ಹಾಲು ಚೆಲ್ಲಿದೆ, ಕೋಳಿಗೆ ಕಾಳು ಹಾಕಲಿಲ್ಲ. ನಾನು ಹಾಲು ಚೆಲ್ಲಿದರೆ ಪರವಾಗಿಲ್ಲ ಮಗು ಎನ್ನುತ್ತಿದ್ದರು. ತುಂಬ ಒಳ್ಳೆಯವರು. ಆದರೆ ಪರವಾಗಿಲ್ಲ ಎಂದು ನಾವು ಹೇಳುವುದು ಮನೆಗೆ ಬಂದ ನೆಂಟರಿಗಲ್ಲವೇ? ಪ್ರತಿ ಸಲ ಆ ಮಾತು ಕೇಳಿದಾಗ, ಇದು ನಿನ್ನ ಮನೆ ಅಲ್ಲ ಎಂದು ಹೇಳಿದ ಹಾಗೆ ಆಗುತ್ತಿತ್ತು."

ದೀಕ್ಷಿತಾ ಮಡಿಲ ಮೇಲೆ ಬಿದ್ದ ಬಿಸ್ಕತ್ತಿನ ಪುಡಿ ಕೊಡವತೊಡಗಿದಳು.

"ಹೇಳು" ಎಂದರು ಅಜ್ಜಿ.

"ಗ್ರೀಟ್‌ಗೆ ಹೊಟ್ಟೆಕಿಚ್ಚು ಇತ್ತಂತೆ" ಎಂದಳು ದೀಕ್ಷಿತಾ ಕಿಟಕಿಯ ಕಡೆ ನೋಡುತ್ತಾ.

"ಅಜ್ಜಿಗೂ ಇತ್ತು ಅಂದ್ರಲ್ಲ" ಎಂದಳು ಮಾನ್ಯ ಮೆಲ್ಲಗೆ. "ಬೈಗುಳ ಸಿಗುದಿಲ್ಲ ಅಂತ."

"ನಿಂಗೆ ಇಂಗ್ಲಿಷ್ ಬರುದಿಲ್ವಲ್ಲ?"

"ಅಷ್ಟು ಬರ್ತದೆ."

ಅಜ್ಜಿ ಮುಂದುವರಿಸಿದರು. ಒಂದು ದಿನ ಸೈನಿಕರು ಆ ಮನೆಗೆ ಬಂದರು. ಹುಡುಗಿಯರಿಬ್ಬರೂ ಅಡುಗೆಮನೆಯಲ್ಲಿ ಬಟಾಟೆಯ ಸಿಪ್ಪೆ ತೆಗೆಯುತ್ತಿದ್ದರು. ಆ ಮನೆಯವರದೆಲ್ಲ ಒಣಹುಲ್ಲಿನ ಬಣ್ಣದ ಕೂದಲು. ಎಮಿಲಿಯಾಳದು ಮಾತ್ರ ಕಡುಕಪ್ಪು. ಒಬ್ಬ ಸೈನಿಕ ಆ ಕೂದಲನ್ನೇ ನೋಡುತ್ತಾ, ಇವಳು ಯಾರು ಎಂದು ಕೇಳಿದ. ನನ್ನ ಅಕ್ಕನ ಮಗಳು ಎಂದರು ಆ ಮನೆಯ ಅಮ್ಮ. ಅವನು ನೋಡುವುದನ್ನು ನಿಲ್ಲಿಸಲಿಲ್ಲ.

"ನಾನು ಕುರ್ಚಿಯ ತುದಿಯಲ್ಲಿ ನೆಂಟರ ಹಾಗೆ ಕುಳಿತಿದ್ದೆ. ಯಾರು ನೋಡಿದರೂ ಗೊತ್ತಾಗುತ್ತಿತ್ತು, ಇವಳು ಈ ಮನೆಯವಳಲ್ಲ ಎಂದು. ಆಗ ಆ ಅಮ್ಮ ಸರ್ರನೆ ತಿರುಗಿ ನನ್ನ ಮೇಲೆ ಹರಿಹಾಯ್ದರು. ಏನು ಬಾಯಿ ಬಿಟ್ಟುಕೊಂಡು ಕೂತಿದ್ದೀಯ? ಸಿಪ್ಪೆಯ ಜೊತೆ ಅರ್ಧ ಬಟಾಟೆ ಹೋಗಿದೆ. ಕೋಳಿಗೂಡು ಮುಚ್ಚಿದೆಯಾ? ಇಲ್ಲ. ಸೋಮಾರಿ. ಹಾಗೆಂದು ನನ್ನ ತೋಳು ಹಿಡಿದು ಎಬ್ಬಿಸಿ, ಕೈಗೆ ಬಕೆಟ್ಟು ಕೊಟ್ಟು ಹಿತ್ತಲಿಗೆ ತಳ್ಳಿದರು. ಸೈನಿಕ ನಕ್ಕುಬಿಟ್ಟ. ನಮ್ಮಮ್ಮನೂ ಹೀಗೇ ಎಂದ. ಅವರು ಹೊರಟುಹೋದರು."

ದೀಕ್ಷಿತಾ ಒಂದು ಮಾತೂ ಬಿಡದೆ ಹೇಳಿದಳು.

"ಕೋಳಿಗೂಡಿನ ಹತ್ತಿರ ಬಕೆಟ್ಟು ಕೆಳಗಿಟ್ಟೆ. ಅಷ್ಟು ಹೆದರಿದ್ದರೂ ನಾನು ಅಲ್ಲಿ ನಿಂತು ನಗುತ್ತಿದ್ದೆ" ಎಂದರು ಅಜ್ಜಿ. "ಆ ದಿನದಿಂದ ಅವರು ನನಗೂ ಬೈದರು. ಗ್ರೀಟ್‌ಗೆ ಎಷ್ಟೋ ನನಗೂ ಅಷ್ಟು. ಗ್ರೀಟ್ ಈಗಲೂ ಇದ್ದಾಳೆ. ಭಾನುವಾರ ಫೋನು ಮಾಡುತ್ತಾಳೆ. ನೀನು ರಾತ್ರಿ ಒದೆಯುತ್ತಿದ್ದೆ, ಇಲ್ಲ ನೀನೇ ಒದೆಯುತ್ತಿದ್ದೆ ಎಂದು ಇವತ್ತಿಗೂ ಜಗಳ."

ದೀಕ್ಷಿತಾಳಿಗೆ ನಗು ಬಂತು. ಮಾನ್ಯ ನಗಲಿಲ್ಲ. ಅವಳು ಕುರ್ಚಿಯಿಂದ ಮುಂದೆ ಬಾಗಿ, ಈ ಸಲ ದೀಕ್ಷಿತಾಳಿಗೆ ಕಾಯದೆ, ತಾನೇ ಕೇಳಿದಳು. "ಯುವರ್ ಮದರ್... ಕಮ್?"

ಅಜ್ಜಿ ತಲೆಯಾಡಿಸಿದರು. "ಬರಲಿಲ್ಲ. ಅಪ್ಪನೂ ಬರಲಿಲ್ಲ. ರೈಲಿನಲ್ಲಿ ಹೋದವರಲ್ಲಿ ತುಂಬ ಜನ ತಿರುಗಿ ಬರಲಿಲ್ಲ. ಅವರನ್ನು ಕೊಂದುಬಿಟ್ಟಿದ್ದರು. ಯುದ್ಧ ಮುಗಿದ ಮೇಲೆ ನಾನು ಗೇಟಿನ ಹತ್ತಿರ ನಿಂತು ಕಾಯುತ್ತಿದ್ದೆ. ಕತ್ತಲಾದರೂ ಒಳಗೆ ಹೋಗುತ್ತಿರಲಿಲ್ಲ. ಆ ಅಮ್ಮ ಬಂದು, ಚಳಿಯಲ್ಲಿ ನಿಂತಿದ್ದೀಯಲ್ಲ ಕತ್ತೆ, ಎಂದು ಬೈದು ಒಳಗೆ ಕರೆದುಕೊಂಡು ಹೋಗುತ್ತಿದ್ದರು."

ಇದನ್ನು ದೀಕ್ಷಿತಾ ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಮಾನ್ಯ ಎದ್ದು ಹೋಗಿ ಅಜ್ಜಿಯ ಪಕ್ಕದಲ್ಲಿ, ಸೋಫಾದ ಮೇಲೆ, ಬೆನ್ನು ಒರಗಿಸಿ ಕುಳಿತಳು.

ಅಷ್ಟರಲ್ಲಿ ಅಮ್ಮ ಬಂದಳು. ಪ್ಯಾಕು ಬಿಚ್ಚಿ ಅಜ್ಜಿಯ ಕಾಲು ಮಡಿಸಿ, ನೀಡಿ, ಮಡಿಸಿ, ನೀಡಿ ವ್ಯಾಯಾಮ ಮಾಡಿಸಿದಳು. ಹೊರಡುವಾಗ ಬಿಳಿ ಬಟ್ಟೆಯ ಮೇಲಿದ್ದ ದೀಪದ ಕಂಬಗಳ ಕಡೆ ನೋಡಿ, ಅಮ್ಮ ಕೈ ಮುಗಿದಳು.

ಮರಳುವಾಗ ಮೆಟ್ರೊದಲ್ಲಿ ಅಮ್ಮನಿಗೆ ತೂಕಡಿಕೆ. ಹುಡುಗಿಯರು ಕಂಬ ಹಿಡಿದು ನಿಂತಿದ್ದರು.

"ಬೆಳಿಗ್ಗೆ ಬಾಟ್ಲಿ ಒಡೆದದ್ದು ನಾನು" ಎಂದಳು ಮಾನ್ಯ.

"ಗೊತ್ತುಂಟು. ನಾನೇ ನೋಡಿದ್ದೇನೆ."

"ಅಮ್ಮ ಇದ್ದಿದ್ರೆ ನಂಗೆ ಸರೀ ಸಿಗ್ತಿತ್ತು. ಕಣ್ಣು ಎಲ್ಲಿ ಇಟ್ಟಿದ್ದಿ, ಅಟ್ಟದಲ್ಲಾ ಅಂತ ಕೇಳ್ತಿದ್ರು." ಮಾನ್ಯ ಕಿಟಕಿಯ ಹೊರಗೆ ನೋಡಿದಳು. "ನಿಂಗೆ ದಿನಾ ಸಿಗ್ತದೆ."

ನನ್ನಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಇವಳಿಗೆ ಇದೇ ಸಿಕ್ಕಿತೇ ಎಂದು ದೀಕ್ಷಿತಾಳಿಗೆ ಆಶ್ಚರ್ಯವಾಯಿತು.

ಸಂಜೆ ದೀಪ ಹಚ್ಚಿ ಆದ ಮೇಲೆ ರಂಜಿತ್ ದೊಡ್ಡಪ್ಪ ಬಂದರು. ಅಬುಧಾಬಿಯಿಂದ ಬಸ್ಸಿನಲ್ಲಿ ಬಂದು ಮುಖ ಬಾಡಿತ್ತು. ಕೈಯಲ್ಲಿ ಖರ್ಜೂರದ ಡಬ್ಬಿ. ಚಹಾ ಕುಡಿದು, ಲೋಟ ಕೆಳಗಿಟ್ಟು, ಮಾನ್ಯಳನ್ನು ಹತ್ತಿರ ಕರೆದರು.

"ಮಗಾ, ಸೀಟು ಉಂಟು ಅಂತ ಸಿಸ್ಟರ್ ಹೇಳಿದ್ದಾರೆ. ಅಜ್ಜಿ ಮನೆಗೂ ಹತ್ರ. ನಿಂಗೆ ಇಲ್ಲಿ ಇರ್ಬೇಕು ಅಂತ ಇದ್ರೆ ಇಲ್ಲಿ. ಅಲ್ಲಿಗೆ ಹೋಗ್ಬೇಕು ಅಂತ ಇದ್ರೆ ಅಲ್ಲಿ. ನಿನ್ನ ಮನಸ್ಸಲ್ಲಿ ಎಂತ ಉಂಟು ಹೇಳು."

ಮಾನ್ಯ ಒಮ್ಮೆ ದೀಕ್ಷಿತಾಳ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

"ಹಾಸ್ಟೆಲಿಗೆ ಹೋಗ್ತೇನೆ ಅಪ್ಪ. ಇಲ್ಲಿ ಎಲ್ಲರಿಗೂ ಕಷ್ಟ."

ಅಮ್ಮನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. "ಯಾರಿಗೆ ಕಷ್ಟ? ನಿಂಗೆ ಇಲ್ಲಿ ಎಂತ ಕಡಿಮೆ ಆಯ್ತು ಮಗಾ?"

"ಎಂತದೂ ಕಡಿಮೆ ಆಗ್ಲಿಲ್ಲ ಚಿಕ್ಕಮ್ಮ. ನೀವು ತುಂಬ ಚೆನ್ನಾಗಿ ನೋಡ್ಕೊಂಡ್ರಿ. ಥ್ಯಾಂಕ್ಸ್."

ದೀಕ್ಷಿತಾ ಬೆಳಿಗ್ಗೆ ದೇವರ ಹತ್ತಿರ ಬೇಡಿದ್ದು ಇದನ್ನೇ. ಈಗ ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕು. ಮಂಚ ಅವಳದು, ಮಣೆ ಅವಳದು, ಅಮ್ಮ ಅವಳೊಬ್ಬಳಿಗೇ. ಅವಳು ಸುಮ್ಮನೇ ಇದ್ದಳು. ದೊಡ್ಡಪ್ಪ ಫೋನು ತೆಗೆದು ಸಿಸ್ಟರ್‌ಗಳ ನಂಬರು ಹುಡುಕತೊಡಗಿದರು. ಅಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮಾನ್ಯ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು.

"ಅಮ್ಮ, ನೀನು ಅವಳಿಗೆ ಬೈಯುದೇ ಇಲ್ಲ" ಎಂದಳು ದೀಕ್ಷಿತಾ.

ಎಲ್ಲರೂ ಅವಳ ಕಡೆ ತಿರುಗಿದರು.

"ಎಂತ ಹೇಳ್ತಿ ನೀನು?"

"ನಂಗೆ ಮಾತ್ರ ಬೈತಿ. ಬೆಳಿಗ್ಗೆ ಬಾಟ್ಲಿ ಒಡೆದದ್ದು ಅವಳು. ನೀನು ಅವಳಿಗೆ ಪರವಾಗಿಲ್ಲ ಅಂದಿ. ಯಾವಾಗ್ಲೂ ಪರವಾಗಿಲ್ಲ ಅಂತಿ. ಅವಳೆಂತ ನೆಂಟರಾ?"

"ಅಯ್ಯೋ ದೇವರೇ, ಬೈದಿಲ್ಲ ಅಂತ ಬೇಜಾರು ಮಾಡುವವರು ಉಂಟಾ ಎಲ್ಲಿಯಾದ್ರೂ?" ಎಂದು ಅಮ್ಮ ದೊಡ್ಡಪ್ಪನ ಮುಖ ನೋಡಿದಳು. ಆಮೇಲೆ ಮಾನ್ಯಳ ಮುಖ ನೋಡಿದಳು. ಮಾನ್ಯ ತುಟಿ ಬಿಗಿ ಹಿಡಿದು ನೆಲವನ್ನೇ ದಿಟ್ಟಿಸುತ್ತಿದ್ದಳು.

ಅಮ್ಮ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು.

"ಹಾಸ್ಟೆಲಂತೆ" ಎಂದಳು ಆಮೇಲೆ. ದನಿ ಸಣ್ಣದಾಗಿತ್ತು. ಮತ್ತೆ ಸ್ವಲ್ಪ ಏರಿತು. "ಹಾಸ್ಟೆಲಂತೆ ಹಾಸ್ಟೆಲು. ಒಂದು ಜಡೆ ನೆಟ್ಟಗೆ ಹಾಕ್ಲಿಕ್ಕೆ ಬರುದಿಲ್ಲ ನಿಂಗೆ. ಅಲ್ಲಿ ಯಾರು ಹಾಕ್ತಾರೆ, ಸಿಸ್ಟರಾ? ಬಾಲ್ಕನಿಯಲ್ಲಿ ಯೂನಿಫಾರ್ಮ್ ಒಣಗಿ ಹಪ್ಪಳ ಆಗಿದೆ, ಒಳಗೆ ತರ್ಲಿಕ್ಕೆ ಕೈ ಇಲ್ವಾ? ಊಟಕ್ಕೆ ಕರೆದ್ರೆ ಹತ್ತು ಸಲ ಕರೀಬೇಕು. ಮೀನು ಹಾಕಿದ್ರೆ ಬೇಡ, ಸಾರು ಹಾಕಿದ್ರೆ ಸಾಕು. ಕೈ ನೋಡು, ಮುರುಂಟಿದ ನುಗ್ಗೆಕಾಯಿ. ನಾನೆಂತ ಇಲ್ಲಿ ಹೋಟೆಲ್ ಇಟ್ಟಿದ್ದೇನಾ, ಥ್ಯಾಂಕ್ಸ್ ಹೇಳಿ ಎದ್ದು ಹೋಗ್ಲಿಕ್ಕೆ? ಬ್ಯಾಗಿಗೆ ಕೈ ಹಾಕಿ ನೋಡು ನೀನು. ಕಾಲು ಮುರಿದು ಕೂರಿಸ್ತೇನೆ. ಕಣ್ಣು ಎಲ್ಲಿ ಉಂಟು, ಅಟ್ಟದಲ್ಲಾ? ಮಾತಾಡುವಾಗ ಮುಖ ನೋಡು."

ಮಾನ್ಯ ಮುಖ ಎತ್ತಿದಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ನನ್ನ ಅಮ್ಮನೂ ಹೀಗೇ ಬೈತಿದ್ದದ್ದು" ಎಂದಳು.

ಅಮ್ಮ ಮಾನ್ಯಳ ಮುಂದೆ ಮಂಡಿಯೂರಿ ಕುಳಿತಳು. "ಮತ್ತೆ? ನಂಗೆ ಬೈಯ್ಲಿಕ್ಕೆ ಕಲಿಸಿದ್ದೇ ನಿನ್ನ ಅಮ್ಮ. ಸಣ್ಣದಿರುವಾಗ ಅಕ್ಕ ನಂಗೆ ಹೀಗೇ ಬೈತಿದ್ದದ್ದು. ನಿಂಗೆ ಬೈಯ್ಲಿಕ್ಕೆ ಬಾಯಿ ತೆಗೆದ್ರೆ ಅಕ್ಕನ ದನಿಯೇ ಬರ್ತದೆ. ಅದಕ್ಕೇ ನಂಗೆ..." ಎಂದವಳು ಮಾನ್ಯಳನ್ನು ಅಪ್ಪಿಕೊಂಡಳು.

ದೊಡ್ಡಪ್ಪ ಫೋನನ್ನು ಜೇಬಿಗೆ ಹಾಕಿದರು. ಮೂಗು ಒರೆಸಿಕೊಂಡರು. "ಹಾಗಾದ್ರೆ ಹಾಸ್ಟೆಲ್ ಖಲಾಸ್" ಎಂದರು. ಮಾನ್ಯ ಅಳುತ್ತಲೇ ಹೌದೆಂದು ತಲೆಯಾಡಿಸಿದಳು.

ಊಟ ಮುಗಿಸಿ ದೊಡ್ಡಪ್ಪ ಬಸ್ಸಿಗೆ ಹೊರಟರು. ಹುಡುಗಿಯರಿಬ್ಬರೂ ಸೋಫಾದಲ್ಲಿ ಕುಳಿತು ಒಣಗಿದ ಬಟ್ಟೆ ಮಡಿಸುತ್ತಿದ್ದರು.

"ಏ ಮಾರಾಯ್ತಿ" ಎಂದು ಬಾತ್‌ರೂಮಿನಿಂದ ಅಮ್ಮ ಕೂಗಿದಳು. "ಯಾರು ಈ ನಲ್ಲಿ ಬಿಟ್ಟು ಬಂದದ್ದು? ಬಕೆಟ್ಟು ತುಂಬಿ ಹರೀತಾ ಉಂಟು. ನೀರಿನ ಬಿಲ್ಲು ನಿಮ್ಮ ಅಜ್ಜ ಬಂದು ಕಟ್ತಾರಾ?"

ಬಿಟ್ಟವಳು ದೀಕ್ಷಿತಾ. ಕೈ ತೊಳೆದವಳು ಮರೆತು ಬಂದಿದ್ದಳು. ಅವಳು ಏಳಲು ಕಾಲು ಕೆಳಗಿಟ್ಟಳು.

ಅಷ್ಟರಲ್ಲಿ ಮಾನ್ಯ ಎದ್ದು ನಿಂತಾಗಿತ್ತು. "ನಾನು ಚಿಕ್ಕಮ್ಮ" ಎಂದು ಓಡಿದಳು.

"ನೀನಾ? ನೀರು ಅಂದ್ರೆ ಸುಮ್ನೆ ಬರ್ತದಾ ಇಲ್ಲಿ? ಇದೆಂತ ನಿಮ್ಮ ಊರಿನ ಬಾವಿಯಾ? ಬಾ ಇಲ್ಲಿ, ಎತ್ತು ಬಕೆಟ್ಟು."

ಅಮ್ಮನ ದನಿ ಏರುತ್ತಾ ಹೋಯಿತು. ಆ ಬೈಗುಳದ ಒಂದೊಂದು ಮಾತೂ ದೀಕ್ಷಿತಾಳದು. ನಲ್ಲಿ ಬಿಟ್ಟದ್ದು ನಾನು ಎಂದು ಈಗಲೂ ಹೋಗಿ ಹೇಳಬಹುದಿತ್ತು.

ದೀಕ್ಷಿತಾ ಹೋಗಲಿಲ್ಲ. ಮಾನ್ಯಳ ಯೂನಿಫಾರ್ಮನ್ನು ಮಡಿಲಿಗೆ ಎಳೆದುಕೊಂಡು, ಬೈಗುಳ ಮುಗಿಯುವವರೆಗೆ ಮೆಲ್ಲಮೆಲ್ಲಗೆ ಮಡಿಸುತ್ತಾ ಕುಳಿತಳು.